ಹಿಂದಿನ ಆವೃತ್ತಿ

ನಾರಾಯಣ ಪೇಟೆಯ ನನ್ನ ಅಂಗಡಿಯಲ್ಲಿ ಕಿಟಕಿ ಪಕ್ಕದ ಕಂಪ್ಯೂಟರ್ ಚಾಲೂ ಮಾಡಿದರೆ ಮೊದಲು ಕರಿ ಪರದೆಯ ಮೇಲೆ ಎರಡು ಸಾಲು ಮೂಡುತ್ತವೆ. ಒಂದು ಸಾಲು ‘ವಿಂಡೋಸ್ 7’. ಇನ್ನೊಂದು ‘ಹಿಂದಿನ ಆವೃತ್ತಿಯ ವಿಂಡೋಸ್’. ಕೆಳಗೆ ಅಂಕಿ 30ರಿಂದ ಒಂದೊಂದೇ ಇಳಿಯುತ್ತದೆ. ಸೊನ್ನೆ ಮುಟ್ಟುವುದರೊಳಗೆ ಬಾಣದ ಕೀಲಿ ಒತ್ತಿ ಯಾವುದು ಬೇಕೆಂದು ಹೇಳಬೇಕು. ಆ ಎರಡನೆಯ ಸಾಲಿನಲ್ಲಿ ಹೆಸರಿಲ್ಲ. ಅಲ್ಲಿರುವುದು 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ. ನಾನು ಪುಣೆಯಲ್ಲಿ ಕಟ್ಟಿದ ಕನ್ನಡದ ಪುಟಗಳಲ್ಲಿ ಮುಕ್ಕಾಲು ಪಾಲು ಆ ಸಾಲಿನ ಹಿಂದೆ ಇವೆ.

ನಾನು ಅಕ್ಕಲಕೋಟೆ ಕಡೆಯವನು. 1996ರಿಂದ ಇಲ್ಲಿ ಡಿಟಿಪಿ ಮಾಡುತ್ತಿದ್ದೇನೆ. ಹೆಚ್ಚಿನ ಕೆಲಸ ಮರಾಠಿಯದು. ಕನ್ನಡ ಬರುವುದು ಲಗ್ನಪತ್ರಿಕೆ, ಗೃಹಶಾಂತಿಯ ಕಾರ್ಡು, ಸಂಘದ ಸ್ಮರಣ ಸಂಚಿಕೆ, ನಿವೃತ್ತರಾದ ಹಿರಿಯರು ತಮ್ಮ ಖರ್ಚಿನಲ್ಲೇ ಇನ್ನೂರು ಪ್ರತಿ ಅಚ್ಚು ಹಾಕಿಸುವ ಆತ್ಮಕಥೆ, ಇಂಥ ರೂಪದಲ್ಲಿ. ಇವು ಯಾವ ಗ್ರಂಥಾಲಯಕ್ಕೂ ಹೋಗುವುದಿಲ್ಲ. ಮನೆಯ ಕಪಾಟಿನಲ್ಲಿ ನಾಲ್ಕು ಪ್ರತಿ, ನನ್ನ ಸಿಡಿಯಲ್ಲಿ ಒಂದು ಕಡತ, ಅಷ್ಟೇ. ಅದಕ್ಕೇ ಆ ಕಡತದ ಬಗ್ಗೆ ನನಗೆ ಇಷ್ಟು ಕಾಳಜಿ.

ಹೋದ ದೀಪಾವಳಿಗೆ ಎರಡು ವಾರ ಮುಂಚೆ ಕೋಥರೂಡಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಒಂದು ಸಿಡಿ. ಮೇಲೆ ನನ್ನದೇ ಅಕ್ಷರ, 2003.

“ಕಾಕಾ, ಇದರಾಗ ನಮ್ಮ ಅಪ್ಪಾರ ಪುಸ್ತಕ ಅದ. ಯಾವ ಕಂಪ್ಯೂಟರಿಗೆ ಹಾಕಿದ್ರೂ ಬರೇ ಇಂಗ್ಲಿಷ್ ಕಸ ಬರ್ತದ. ಹಾಳಾಗ್ಯದೇನ್ರಿ?”

“ಹಾಳಾಗಿಲ್ಲವ್ವಾ. ಅದು ಕನ್ನಡನೇ ಅದ. ಅದಕ್ಕ ಅದರ ಕಾಲದ ಮಷೀನ್ ಬೇಕು, ಅಷ್ಟೇ.”

ಅವಳ ತಂದೆ ನಿವೃತ್ತ ಶಿಕ್ಷಕರು. ನಮ್ಮ ಸೀಮೆಯ ಬೋರಿ ನದಿಯ ದಂಡೆಯ ಹಳ್ಳಿಗಳ ಬಗ್ಗೆ, ಅಲ್ಲಿಯ ಮಾತಿನ ಬಗ್ಗೆ 136 ಪುಟ ಬರೆದಿದ್ದರು. ಈಗ ಅವರಿಲ್ಲ. ಮಗಳಿಗೆ ಪುಸ್ತಕ ಮತ್ತೊಮ್ಮೆ ಅಚ್ಚಾಗಬೇಕು, ತನ್ನ ಮಕ್ಕಳ ಫೋನಿನಲ್ಲೂ ಓದಲು ಬರಬೇಕು.

ಆ ‘ಇಂಗ್ಲಿಷ್ ಕಸ’ ಏನೆಂದು ತಿಳಿಯದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಆ ಕಾಲದ ಕನ್ನಡ ಫಾಂಟು ಇಂಗ್ಲಿಷಿನ ಜಾಗದಲ್ಲಿ ಬಾಡಿಗೆಗೆ ಕೂತದ್ದು. ಫಾಂಟಿನಲ್ಲಿ ಒಟ್ಟು 256 ಮನೆ. ಇಂಗ್ಲಿಷಿನ ದೊಡ್ಡ ‘ಪಿ’ ಇರಬೇಕಾದ ಮನೆಯಲ್ಲಿ ತಲೆಕಟ್ಟಿಲ್ಲದ ‘ಕ’ದ ಚಿತ್ರ. ತಲೆಕಟ್ಟಿಗೆ ಬೇರೆ ಮನೆ: ತಲೆಯ ಮೇಲೆ ಓರೆಗೆರೆ ಇರುವ ಫ್ರೆಂಚರ ‘ಎ’. ತಲೆಕಟ್ಟಿಲ್ಲದ ‘ನ’ ಕೂತದ್ದು ಬ್ರಿಟಿಷರ ಪೌಂಡಿನ ಗುರುತಿನಲ್ಲಿ, ‘ನ’ದ ಒತ್ತು ಜರ್ಮನರ ಜೋಡಿ ‘ಎಸ್’ನಲ್ಲಿ, ‘ಡ’ ಸಣ್ಣ ‘ಕ್ಯೂ’ನಲ್ಲಿ. ‘ಕನ್ನಡ’ ಎಂದು ಬರೆದರೆ ಕಂಪ್ಯೂಟರಿನ ನೆನಪಿನಲ್ಲಿ ಉಳಿಯುವುದು ಪಿ, ಗೆರೆಯ ಎ, ಪೌಂಡು, ಗೆರೆಯ ಎ, ಜರ್ಮನ್ ಎಸ್, ಕ್ಯೂ, ಗೆರೆಯ ಎ. ಫಾಂಟ್ ಇದ್ದರೆ ಕಣ್ಣಿಗೆ ‘ಕನ್ನಡ’. ಫಾಂಟ್ ಇಲ್ಲದಿದ್ದರೆ ಆ ಹೆಣ್ಣುಮಗಳು ಕಂಡ ಕಸ. ಇದು ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ, ಕರ್ನಾಟಕ ಸರ್ಕಾರ ಪುಕ್ಕಟೆ ಹಂಚಿದ ‘ನುಡಿ’ಯ ಮನೆಗಳ ಲೆಕ್ಕ. ‘ಬರಹ’ದ್ದೂ ಇದೇ ಲೆಕ್ಕ. ಉಳಿದ ತಂತ್ರಾಂಶಗಳ ಮನೆಗಳು ಬೇರೆ ಬೇರೆ.

ಯೂನಿಕೋಡ್ ಇದಕ್ಕಿಂತ ಪೂರ್ತಿ ಬೇರೆ. ಅಲ್ಲಿ ‘ಕ’ ಎಂಬ ಅಕ್ಷರಕ್ಕೇ ಸ್ವಂತ ಮನೆ ಇದೆ, ಚಿತ್ರ ಬಿಡಿಸುವುದು ಫಾಂಟಿನ ಕೆಲಸ. ಈ ಕಥೆಯಲ್ಲಿ ನಮ್ಮ ಪುಣೆಗೂ ಪಾಲಿದೆ. ಐಐಟಿ ಕಾನ್ಪುರದಲ್ಲಿ ಭಾರತೀಯ ಲಿಪಿಗಳಿಗಾಗಿ ಶುರುವಾದ ‘ಜಿಸ್ಟ್’ ಕೆಲಸ, 1988ರಲ್ಲಿ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ನೆಲೆಗೊಂಡ ಸಿ-ಡ್ಯಾಕ್ ಸಂಸ್ಥೆಗೆ ಬಂದು ಬೆಳೆಯಿತು. ಬ್ರಾಹ್ಮಿ ಮೂಲದ ಭಾರತದ ಮುಖ್ಯ ಲಿಪಿಗಳು ಒಂದೇ ಕ್ರಮದಲ್ಲಿ ಕೂರುವ ‘ಇಸ್ಕಿ’ ಎಂಬ ಸಂಕೇತ ಪದ್ಧತಿ ಹೀಗೆ ರೂಪುಗೊಂಡಿತು. ಯೂನಿಕೋಡ್ ಅದೇ ಕ್ರಮವನ್ನು ತೆಗೆದುಕೊಂಡಿತು. ಸೊನ್ನೆಯಿಂದ ಎಣಿಸಿದರೆ ದೇವನಾಗರಿ ಬೀದಿಯಲ್ಲಿ ‘ಕ’ ಇರುವುದು 21ನೆಯ ಮನೆಯಲ್ಲಿ, ಕನ್ನಡ ಬೀದಿಯಲ್ಲೂ 21ನೆಯ ಮನೆಯಲ್ಲಿ. ಬೆಳಗ್ಗೆ ಮರಾಠಿ, ಸಂಜೆ ಕನ್ನಡ ಜೋಡಿಸುವ ನನ್ನಂಥವನಿಗೆ ಇದು ಮೊದಲ ಸಲ ತಿಳಿದ ದಿನ ಬಹಳ ಸಂತೋಷವಾಗಿತ್ತು.

ಎಕ್ಸ್‌ಪಿಯಲ್ಲೇ ಯೂನಿಕೋಡ್ ಕನ್ನಡ ಇತ್ತು, ‘ತುಂಗಾ’ ಎಂಬ ಫಾಂಟೂ ಜೊತೆಗೆ ಬಂದಿತ್ತು. ಆದರೆ ಪುಸ್ತಕ ಕಟ್ಟುವ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. ಅದರ 7ನೆಯ ಆವೃತ್ತಿ 2001ರಲ್ಲಿ ಬಂತು, ಎಂಟನೆಯದು ಬರಲೇ ಇಲ್ಲ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರುವ ಕನ್ನಡ ಸಿಕ್ಕಿದ್ದು 2012ರ ಆವೃತ್ತಿಯಲ್ಲಿ. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪುಸ್ತಕದ ಕನ್ನಡವೆಲ್ಲ ಹಳೆಯ ಫಾಂಟಿನಲ್ಲೇ ನಡೆಯಿತು. ನಾನು 2010ರಲ್ಲಿ ಹೊಸ ಮಷೀನ್ ತಂದಾಗ ಮಿಂಚಂಚೆ, ಬ್ಯಾಂಕು, ಯೂನಿಕೋಡ್ ಟೈಪಿಂಗ್ ಎಲ್ಲಕ್ಕೂ ವಿಂಡೋಸ್ 7 ಬೇಕಿತ್ತು. ಹೊಟ್ಟೆಪಾಡಿಗೆ ಎಕ್ಸ್‌ಪಿ ಬೇಕಿತ್ತು. ಎರಡನ್ನೂ ಒಂದೇ ಮಷೀನಿನಲ್ಲಿ ಇಳಿಸಿದೆ.

ಇದನ್ನು ನಮ್ಮ ಪೇಟೆಯ ವಾಡೆಗಳಂತೆ ತಿಳಿದುಕೊಳ್ಳಬಹುದು. ಬೀದಿಗೆ ಒಂದೇ ಬಾಗಿಲು, ಒಳಗೆ ಗೋಡೆ ಹಾಕಿ ಎರಡು ಬಿಡಾರ. ಹಾರ್ಡ್ ಡಿಸ್ಕಿನಲ್ಲಿ ಹಾಕುವ ಆ ಗೋಡೆಗೆ ಪಾರ್ಟಿಷನ್ ಎನ್ನುತ್ತೇವೆ. ಒಂದರಲ್ಲಿ ಎಕ್ಸ್‌ಪಿ, ಇನ್ನೊಂದರಲ್ಲಿ 7, ಮೂರನೆಯದರಲ್ಲಿ ಇಬ್ಬರಿಗೂ ಸೇರಿದ ಕಡತಗಳು. ಒಂದು ಹೊತ್ತಿಗೆ ಒಂದೇ ಸಂಸಾರ ಎದ್ದಿರುತ್ತದೆ, ಇನ್ನೊಂದು ಮಲಗಿರುತ್ತದೆ. ಸ್ವಿಚ್ ಹಾಕಿದಾಗ ಮಷೀನು ಡಿಸ್ಕಿನ ಮೊಟ್ಟಮೊದಲ ತುಂಡನ್ನು, ಬರೀ 512 ಬೈಟಿನಷ್ಟನ್ನು, ಓದುತ್ತದೆ. ಆ ಬಾಗಿಲಲ್ಲಿ ಯಾರು ಕೂತಿರುತ್ತಾರೋ ಅವರು ಹೇಳಿದಂತೆ ಮುಂದಿನ ದಾರಿ.

ಯಾರನ್ನು ಮೊದಲು ಇಳಿಸಬೇಕು ಎಂಬುದೇ ಇಲ್ಲಿ ದೊಡ್ಡ ಮಾತು. ಹಳೆಯದು ಮೊದಲು, ಹೊಸದು ಆಮೇಲೆ. ಮೊಮ್ಮಗನಿಗೆ ಅಜ್ಜನ ಹೆಸರು ಗೊತ್ತಿರುತ್ತದೆ. ಅಜ್ಜನ ಕಾಲಕ್ಕೆ ಮೊಮ್ಮಗ ಹುಟ್ಟಿರಲೇ ಇಲ್ಲ. ವಿಂಡೋಸ್ 7ನ್ನು ನಂತರ ಹಾಕಿದರೆ ಅದು ಬಾಗಿಲಲ್ಲಿ ತಾನು ಕೂತು, ಒಳಗಿರುವ ಎಕ್ಸ್‌ಪಿಯನ್ನು ಗುರುತಿಸಿ ‘ಹಿಂದಿನ ಆವೃತ್ತಿ’ ಎಂಬ ಸಾಲನ್ನು ಪಟ್ಟಿಗೆ ಸೇರಿಸುತ್ತದೆ. ಎಕ್ಸ್‌ಪಿಯನ್ನು ನಂತರ ಹಾಕಿದರೆ ಅದು ಬಾಗಿಲಿನ ಸಂಕೇತವನ್ನು ಅಳಿಸಿ ತನ್ನದನ್ನು ಬರೆದುಬಿಡುತ್ತದೆ. 7 ಒಳಗೆ ಸುರಕ್ಷಿತವಾಗಿಯೇ ಇರುತ್ತದೆ, ದಾರಿ ಮಾತ್ರ ಕಾಣುವುದಿಲ್ಲ. ಎಷ್ಟೋ ಜನ ಆ ಹೊತ್ತಿಗೆ ಎಲ್ಲ ಹೋಯಿತೆಂದು ಹೆದರಿ ಡಿಸ್ಕನ್ನೇ ಅಳಿಸಿದ್ದಾರೆ. ಹೊಸದರ ಡಿವಿಡಿ ಹಾಕಿ ‘ದುರಸ್ತಿ’ ಎಂದರೆ ಸಾಕು, 7ರ ದಾರಿ ಮತ್ತೆ ತೆರೆಯುತ್ತದೆ.

ಇನ್ನೊಂದು ತೊಡಕು ಡಿಸ್ಕಿನ ತಂತಿಯದು. ಎಕ್ಸ್‌ಪಿ ಹುಟ್ಟಿದಾಗ ಇದ್ದದ್ದು ಅಗಲ ಪಟ್ಟಿಯ ಐಡಿಇ ಡಿಸ್ಕು. ಸಾಟಾ ಡಿಸ್ಕಿನ ಹೊಸ ರೀತಿಯನ್ನು ಅದು ಅರಿಯದು. ಎಕ್ಸ್‌ಪಿ ಹಾಕಲು ಹೋದರೆ ನೀಲಿ ಪರದೆ, ಕೊನೆಗೆ ‘7ಬಿ’ ಎಂಬ ಸಂಖ್ಯೆ. ಮಷೀನಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ ಡಿಸ್ಕನ್ನು ‘ಐಡಿಇ’ ರೀತಿಗೆ ಇಟ್ಟರೆ ಒಪ್ಪುತ್ತದೆ. 2010ರ ಮಷೀನಿನಲ್ಲಿ ಈ ಅನುಕೂಲ ಇತ್ತು. ಈಗಿನ ಮಷೀನುಗಳ ಬಾಗಿಲಿನ ರಚನೆಯೇ ಬೇರೆ, ಡಿಸ್ಕಿನ ನಕ್ಷೆಯೂ ಬೇರೆ. 32 ಬಿಟ್ ಎಕ್ಸ್‌ಪಿ ಆ ನಕ್ಷೆಯಿಂದ ಏಳಲಾರದು. ಅದಕ್ಕೇ ನನ್ನ ಆ ಹಳೆ ಮಷೀನಿಗೆ ಬಿಡಿಭಾಗ ಹುಡುಕುತ್ತಾ ಬುಧವಾರ, ಭಾನುವಾರ ಜುನಾ ಬಾಜಾರಿಗೆ ಹೋಗುತ್ತೇನೆ. ಅದೇ ಮಾದರಿಯ ಮದರ್‌ಬೋರ್ಡ್ ಒಂದು ಅಲ್ಲಿಯೇ ಸಿಕ್ಕಿತು. ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಬಟನ್ ಸೆಲ್, ಪವರ್ ಸಪ್ಲೈ ಬೇಕಾದರೆ ತಪಕೀರ ಗಲ್ಲಿ ಇದ್ದೇ ಇದೆ.

ಗಡಿಯಾರದ ಒಂದು ಪ್ರಸಂಗ ಹೇಳಲೇಬೇಕು. 2014ರಲ್ಲಿ ಅದೇ ಮಷೀನಿನಲ್ಲಿ ಲಿನಕ್ಸನ್ನೂ ಇಳಿಸಿದ್ದೆ. ಮದರ್‌ಬೋರ್ಡಿನ ಮೇಲೆ ಒಂದು ಪುಟ್ಟ ಗಡಿಯಾರ ಇರುತ್ತದೆ. ವಿಂಡೋಸ್ ಅದರಲ್ಲಿ ನಮ್ಮೂರ ಸಮಯ ಇದೆ ಎಂದು ನಂಬುತ್ತದೆ. ಲಿನಕ್ಸ್ ಅದರಲ್ಲಿ ಜಾಗತಿಕ ಸಮಯವನ್ನು ಇಡುತ್ತದೆ, ತೋರಿಸುವಾಗ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ಒಂದು ದಿನ ಎಕ್ಸ್‌ಪಿಯಲ್ಲಿ ಬೆಳಗಿನ 10 ಗಂಟೆಗೆ ಒಂದು ಕಡತ ಉಳಿಸಿದೆ. ನಡುವೆ ಲಿನಕ್ಸ್‌ಗೆ ಹೋಗಿ ಬಂದೆ. 12 ಗಂಟೆಗೆ ತಿದ್ದುಪಡಿ ಎಲ್ಲ ಮಾಡಿ ಇನ್ನೊಂದು ಹೆಸರಲ್ಲಿ ಉಳಿಸಿದೆ. ಕಡತದ ಮೇಲೆ ಬಿದ್ದ ಮುದ್ರೆ 6:30. ಸಂಜೆ ‘ಇತ್ತೀಚಿನದು’ ಎಂದು ನೋಡಿ ಪ್ರೆಸ್ಸಿಗೆ ಕಳಿಸಿದ್ದು ತಿದ್ದದ ಪ್ರತಿ. ಲಗ್ನಪತ್ರಿಕೆ. ವರನ ಅಜ್ಜಿಯ ಹೆಸರು ತಪ್ಪಾಗಿ ಅಚ್ಚಾಯಿತು. ನಾನೇ ಮತ್ತೆ ಹಾಳೆ ತಂದು ಐನೂರು ಕಾರ್ಡು ಹೊಸದಾಗಿ ಹೊಡೆಸಿಕೊಟ್ಟೆ. ಆ ಅಜ್ಜಿ ಹಳೆಯ ಕಾರ್ಡನ್ನು ನೋಡುವ ಮುಂಚೆಯೇ ಹೊಸದು ಮುಟ್ಟಿತೆಂಬುದೇ ಸಮಾಧಾನ. ಗಡಿಯಾರದಲ್ಲಿ ನಮ್ಮೂರ ಸಮಯವನ್ನೇ ಇಡು ಎಂದು ಲಿನಕ್ಸ್‌ಗೆ ಒಂದು ಸಾಲಿನಲ್ಲಿ ಹೇಳಬಹುದು. ಎರಡನ್ನೂ ಒಟ್ಟಿಗೆ ಇಡುವವರು ಮೊದಲ ದಿನವೇ ಹೇಳಲಿ.

ಎಕ್ಸ್‌ಪಿಗೆ ಭದ್ರತೆಯ ತೇಪೆ ಬರುವುದು 2014ರ ಏಪ್ರಿಲ್ 8ಕ್ಕೆ ನಿಂತಿತು. ಹಾಗಂದರೆ ಆಮೇಲೆ ಕಂಡ ಯಾವ ಬಿರುಕನ್ನೂ ಯಾರೂ ಮುಚ್ಚುವುದಿಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ಹುಳು ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಎಷ್ಟು ಗಾಬರಿ ಎಂದರೆ ಮೂರು ವರ್ಷ ಹಿಂದೆ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಮತ್ತೊಮ್ಮೆ ತೇಪೆ ಕೊಟ್ಟಿತು. ನಮ್ಮ ರಿಸರ್ವ್ ಬ್ಯಾಂಕ್ 2018ರ ಜೂನ್‌ನಲ್ಲಿ, ಎಟಿಎಂಗಳಲ್ಲಿ ಇನ್ನೂ ಎಕ್ಸ್‌ಪಿಯಂಥ ಹಳೆಯದನ್ನು ಓಡಿಸುತ್ತಿದ್ದ ಬ್ಯಾಂಕುಗಳಿಗೆ ಒಂದು ವರ್ಷದೊಳಗೆ ಬದಲಿಸಿರೆಂದು ಗಡುವು ಹಾಕಿತು. ಹಣದ ಯಂತ್ರದಲ್ಲಿ ಅದು ಸರಿ. ಭೋಸರಿಯ ಎಂಐಡಿಸಿಯಲ್ಲಿ ಲೇತ್ ನಡೆಸುವ ವಿಜಯಪುರದ ನನ್ನ ಗೆಳೆಯನ ಕಥೆ ಬೇರೆ. ಅವನ ಯಂತ್ರದ ಜೊತೆ ಮಾತಾಡಬಲ್ಲ ತಂತ್ರಾಂಶ ಎಕ್ಸ್‌ಪಿಯಲ್ಲಿ ಮಾತ್ರ ಏಳುತ್ತದೆ. ಯಂತ್ರದ ಬೆಲೆ ಅವನ ಮನೆಯ ಬೆಲೆಗಿಂತ ಹೆಚ್ಚು. ಅವನೂ ನಾನೂ ಪಾಲಿಸುವ ನಿಯಮ ಒಂದೇ: ಹಳೆಯದಕ್ಕೆ ಇಂಟರ್‌ನೆಟ್ಟಿನ ತಂತಿ ಮುಟ್ಟಿಸಬಾರದು.

ನಾನು ತಂತಿ ಕಿತ್ತು ಸುಮ್ಮನಾಗಲಿಲ್ಲ, ಎಕ್ಸ್‌ಪಿಯಲ್ಲಿ ನೆಟ್‌ವರ್ಕಿನ ಸಾಧನವನ್ನೇ ನಿಷ್ಕ್ರಿಯ ಮಾಡಿಟ್ಟೆ. ಮೊದಲು ಎಕ್ಸ್‌ಪಿಯಿಂದ ಕಡತ ಹಂಚಿಕೆಯ ಪಾರ್ಟಿಷನ್ನಿಗೆ, ಅಲ್ಲಿಂದ 7ಕ್ಕೆ, ಅಲ್ಲಿಂದ ಹೊರಕ್ಕೆ ಹೋಗುತ್ತಿತ್ತು. 2020ರ ಜನವರಿ 14ಕ್ಕೆ 7ರ ತೇಪೆಯೂ ನಿಂತಿತು. ಅಂದಿನಿಂದ ಆ ಇಡೀ ಮಷೀನು ಹೊರಗಿನ ಗಾಳಿ ಸೋಕದೆ ಇದೆ. ಈಗ ‘ಹೊಸದು’ ಎಂದರೆ ಪಕ್ಕದ ಮೇಜಿನ ವಿಂಡೋಸ್ 11. ಎರಡರ ನಡುವೆ ಓಡಾಡುವುದು ಒಂದೇ ಒಂದು ಪೆನ್ ಡ್ರೈವ್, ಅದನ್ನು ಮೂರನೆಯ ಮಷೀನಿಗೆ ಹಾಕುವುದಿಲ್ಲ. ವಿಂಡೋಸ್ 10 ಸಹ 2025ರ ಅಕ್ಟೋಬರ್ 14ಕ್ಕೆ ಹಳೆಯವರ ಸಾಲಿಗೆ ಸೇರಿತಲ್ಲ, ಹಾಗಾಗಿ ಈ ಲೆಕ್ಕ ಈಗ ಎಷ್ಟೋ ಮನೆಗಳಿಗೆ ಬಂದಿದೆ.

ಹೊಸ ಮಷೀನಿನ ಒಳಗೇ ಹಳೆಯದನ್ನು ಓಡಿಸುವ ದಾರಿಯೂ ಇದೆ, ಮನೆಯಲ್ಲಿ ಮಾಡುವವರಿಗೆ ನಾನು ಮೊದಲು ಹೇಳುವುದು ಅದನ್ನೇ. ವರ್ಚುವಲ್‌ಬಾಕ್ಸ್‌ನಂಥ ಪುಕ್ಕಟೆ ತಂತ್ರಾಂಶ ಒಂದು ಕಿಟಕಿಯೊಳಗೆ ಕಾಲ್ಪನಿಕ ಕಂಪ್ಯೂಟರನ್ನು ನಿಲ್ಲಿಸುತ್ತದೆ. ಎಕ್ಸ್‌ಪಿಗೆ ತಾನು ನಿಜವಾದ ಡಿಸ್ಕಿನ ಮೇಲೆ, ನಿಜವಾದ ಮಷೀನಿನಲ್ಲಿ ಇದ್ದೇನೆಂದೇ ಕಾಣುತ್ತದೆ. 512 ಎಂಬಿ ನೆನಪು ಕೊಟ್ಟರೂ ಆರಾಮಾಗಿ ಏಳುತ್ತದೆ. ಎರಡೂ ಒಟ್ಟಿಗೆ ಎಚ್ಚರ ಇರುತ್ತವೆ, ಪಾರ್ಟಿಷನ್ನಿನ ತಂಟೆ ಇಲ್ಲ, ಇಡೀ ಹಳೆಯ ಸಂಸಾರ ಒಂದೇ ಕಡತವಾಗಿ ನಕಲಾಗುತ್ತದೆ. ನನ್ನ ಎಕ್ಸ್‌ಪಿಯ ಅಂಥ ಪ್ರತಿ ಮೂರು ಕಡೆ ಇವೆ. ಆದರೆ ನನ್ನ ಅರ್ಧ ಪುಸ್ತಕಗಳು ಇನ್ನೊಂದು ತಂತ್ರಾಂಶದಲ್ಲಿವೆ. ಅದಕ್ಕೆ ಹೆಬ್ಬೆರಳಿನಷ್ಟು ಒಂದು ‘ಲಾಕ್’ ಬೇಕು. ಹಳೆ ಪ್ರಿಂಟರಿನ ಅಗಲ ಪೋರ್ಟಿಗೆ ಸಿಕ್ಕಿಸುವಂಥದ್ದು, ಅದಿಲ್ಲದೆ ತಂತ್ರಾಂಶ ತೆರೆಯುವುದಿಲ್ಲ. ಅದು ಹುಡುಕುವುದು 378 ಎಂಬ ವಿಳಾಸದಲ್ಲಿರುವ ನಿಜವಾದ ಪೋರ್ಟನ್ನು. ಯುಎಸ್‌ಬಿ ಸಂಪರ್ಕ ಹಾಕಿ ನೋಡಿದೆ, ಒಪ್ಪಲಿಲ್ಲ. ಕಾಲ್ಪನಿಕ ಕಂಪ್ಯೂಟರು ಆ ಪುಸ್ತಕಗಳಿಗೆ ಸಾಲದು. ಕಿಟಕಿ ಪಕ್ಕದ ಮಷೀನ್ ಇನ್ನೂ ಇರುವುದು ಆ ಲಾಕಿಗಾಗಿ.

ಆ ಹೆಣ್ಣುಮಗಳ ಸಿಡಿಗೆ ಲಾಕಿನ ತೊಂದರೆ ಇರಲಿಲ್ಲ, ಅದು ‘ನುಡಿ’ಯ ಫಾಂಟಿನದು. ಎಕ್ಸ್‌ಪಿಯಲ್ಲಿ ಹಾಕಿದೆ. ಇಪ್ಪತ್ತೆರಡು ವರ್ಷ ಹಿಂದಿನ ಪುಟ, ಸಾಲು ಮುರಿದ ಜಾಗ ಕೂಡ ಬದಲಾಗದೆ, ಹಾಗೇ ಎದ್ದು ಬಂತು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪಿಡಿಎಫ್ ಮಾಡಿ ಕೊಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಪಿಡಿಎಫ್ ಫಾಂಟನ್ನು ತನ್ನೊಳಗೆ ಕಟ್ಟಿಕೊಳ್ಳುತ್ತದೆ, ಕಣ್ಣಿಗೆ ಪುಟ ಸರಿಯಾಗಿ ಕಾಣುತ್ತದೆ. ಅಡಿಯಲ್ಲಿರುವುದು ಅದೇ ಪಿ, ಪೌಂಡು, ಜರ್ಮನ್ ಎಸ್. ‘ಕನ್ನಡ’ ಎಂದು ಹುಡುಕಿದರೆ ಒಂದೂ ಸಿಗದು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಓದಲು, ಮುಂದೆ ಯಾರಾದರೂ ಒಂದು ಊರಿನ ಹೆಸರು ಹುಡುಕಲು, ಪಠ್ಯವೇ ಯೂನಿಕೋಡಿಗೆ ದಾಟಬೇಕು. ಪರಿವರ್ತಕಗಳು ಇವೆ, ಒಳ್ಳೆಯವೇ ಇವೆ. ಅವುಗಳಿಗೆ ಕಷ್ಟದ ಜಾಗ ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ‘ಕರ್ನಾಟಕ’ ಬರೆದರೆ ಕಣ್ಣಿಗೆ ಕಾಣುವ ಕ್ರಮವೇ ಉಳಿಯುತ್ತದೆ: ಕ, ನಾ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಉಳಿಯುವುದು ಬಾಯಲ್ಲಿ ಹೇಳುವ ಕ್ರಮ: ಕ, ರ್, ನಾ. ಪರಿವರ್ತಕ ಪ್ರತಿಯೊಂದು ಅರ್ಕಾವತ್ತನ್ನೂ ಎತ್ತಿ ಹಿಂದಿನ ವ್ಯಂಜನಕ್ಕಿಂತ ಮುಂಚೆ ತಂದು ಕೂರಿಸಬೇಕು. ನಾನು ಬಳಸಿದ ಪರಿವರ್ತಕ ಇದನ್ನು ಸರಿಯಾಗಿ ಮಾಡಿತು. 136 ಪುಟ ಒಂದು ನಿಮಿಷವೂ ಹಿಡಿಯದೆ ದಾಟಿದವು.

ಎರಡು ಪರದೆ ಅಕ್ಕಪಕ್ಕ ಇಟ್ಟೆವು. ಎಡಕ್ಕೆ ಎಕ್ಸ್‌ಪಿಯ ಪೇಜ್‌ಮೇಕರ್, ಬಲಕ್ಕೆ ಹೊಸದು. ಅವಳು ಎಡದ್ದನ್ನು ಗಟ್ಟಿಯಾಗಿ ಓದುವುದು, ನಾನು ಬಲದ್ದರ ಮೇಲೆ ಬೆರಳಿಟ್ಟು ಹೋಗುವುದು. ಅಚ್ಚುಮೊಳೆಯ ಕಾಲದಿಂದ ಪ್ರೂಫ್ ನೋಡುವ ರೀತಿ ಇದೇ. ನಾಲ್ಕನೆಯ ಅಧ್ಯಾಯದಲ್ಲಿ ಅವಳು “ತೊಱೆ” ಎಂದಳು. ನನ್ನ ಬೆರಳಿನ ಕೆಳಗೆ ಬರೀ ‘ತೊ’ ಇತ್ತು. ಮುಂದೆ ‘ನೂಱು’ ಇರಬೇಕಾದಲ್ಲಿ ‘ನೂ’. ‘ಆಱು’ ಇರಬೇಕಾದಲ್ಲಿ ‘ಆ’.

ಆಗ ನೆನಪಾಯಿತು. 2003ರಲ್ಲಿ ಮೇಷ್ಟ್ರು ಹಸ್ತಪ್ರತಿ ತಂದಾಗ, ಹಳೆಗನ್ನಡದ ಶಬ್ದಗಳನ್ನು ಹೇಳುವ ಆ ಅಧ್ಯಾಯದಲ್ಲಿ ಱ ಇರಲೇಬೇಕೆಂದು ಹಠ ಹಿಡಿದಿದ್ದರು. “ರ ಹಾಕಿದ್ರ ನಡೀತದಲ್ರಿ ಸರ್” ಎಂದಿದ್ದೆ. “ನಡಿಯಂಗಿಲ್ಲಪ್ಪ. ಅದು ಬ್ಯಾರೆ ಅಕ್ಷರ” ಎಂದಿದ್ದರು. ನನ್ನ ಫಾಂಟಿನಲ್ಲಿ ಆ ಅಕ್ಷರ ಇರಲಿಲ್ಲ. ಎರಡು ರಾತ್ರಿ ಕೂತು ಫಾಂಟ್ ಎಡಿಟರಿನಲ್ಲಿ ಅದನ್ನು ನಾನೇ ಬರೆದೆ. ಖಾಲಿ ಇದ್ದ ಮೂರು ಮನೆಗಳಲ್ಲಿ ಅದರ ಮೂರು ರೂಪಗಳನ್ನು ಕೂರಿಸಿದೆ. ಆ ಮೂರು ಮನೆಗಳಲ್ಲಿ ಏನಿದೆ ಎಂದು ಪರಿವರ್ತಕ ಬರೆದವರಿಗೆ ತಿಳಿಯುವುದಾದರೂ ಹೇಗೆ? ತನಗೆ ಗೊತ್ತಿಲ್ಲದ ಸಂಕೇತವನ್ನು ಅದು ಬಿಟ್ಟು ಮುಂದೆ ಹೋಗಿತ್ತು. ಆ ಫಾಂಟು ಇದ್ದದ್ದು ನನ್ನ ಎಕ್ಸ್‌ಪಿಯ ಮತ್ತು ಅದರ ಪ್ರತಿಗಳ ಫಾಂಟುಗಳ ಕೋಶದಲ್ಲಿ ಮಾತ್ರ. 2014ರಲ್ಲಿ ಎಲ್ಲರೂ ಹೇಳಿದಂತೆ ನಾನು ಎಕ್ಸ್‌ಪಿಯನ್ನು ಅಳಿಸಿದ್ದರೆ ಮೇಷ್ಟ್ರ ಅಕ್ಷರ ಹೋದದ್ದೇ ನಮಗೆ ಗೊತ್ತಾಗುತ್ತಿರಲಿಲ್ಲ. ‘ತೊ’ ಎಂಬುದನ್ನು ಮುದ್ರಣದೋಷ ಎಂದುಕೊಂಡು ಮುಂದಿನವರು ಏನೋ ಒಂದು ತುಂಬುತ್ತಿದ್ದರು.

ಯೂನಿಕೋಡಿನಲ್ಲಿ ಱಗೆ ಸ್ವಂತ ಮನೆ ಇದೆ. ಕನ್ನಡ ಬೀದಿಯ 49ನೆಯದು. ದೇವನಾಗರಿ ಬೀದಿಯ 49ನೆಯ ಮನೆಯಲ್ಲಿ ಇರುವುದೂ ಅದರ ಒಡಹುಟ್ಟಿದ್ದೇ, ಅಡಿಯಲ್ಲಿ ಚುಕ್ಕಿ ಇಟ್ಟ ‘ರ’. ಮರಾಠಿಯಲ್ಲಿ ‘ದರಿ’ಯ ಬಹುವಚನ ಬರೆಯುವಾಗ ಯಕಾರಕ್ಕೆ ಮುಂಚೆ ರೆಪ್ಪೆಯ ಹಾಗೆ ಒಂದು ಅರ್ಧ ‘ರ’ ಬರುತ್ತದಲ್ಲ, ಅದನ್ನು ಯೂನಿಕೋಡಿನಲ್ಲಿ ಮೂಡಿಸುವುದು ಆ ಅಕ್ಷರದಿಂದಲೇ. ಅಂದರೆ ಮೇಷ್ಟ್ರು ಹಠ ಹಿಡಿದ ಅಕ್ಷರದ ಮರಾಠಿ ಜೋಡಿಯನ್ನು ನಾನು ಇಷ್ಟು ವರ್ಷ ದಿನಾ ಒತ್ತುತ್ತಲೇ ಇದ್ದೆ.

ಇಡೀ ಪುಸ್ತಕದಲ್ಲಿ ಱ 43 ಕಡೆ ಇತ್ತು. ಮೂರು ಸಂಜೆ ಕೂತು ಎಡ ಪರದೆ ನೋಡಿ ಬಲಕ್ಕೆ ಒಂದೊಂದನ್ನೂ ತುಂಬಿದೆವು. ಕೊನೆಯ ದಿನ ಅವಳು ಕಡತವನ್ನು ತನ್ನ ಫೋನಿಗೆ ಕಳಿಸಿಕೊಂಡು, ಹುಡುಕುವ ಜಾಗದಲ್ಲಿ ‘ತೊಱೆ’ ಎಂದು ಅಂಟಿಸಿದಳು. ಐದು ಕಡೆ ಹಳದಿ ಬಣ್ಣದಲ್ಲಿ ಹೊಳೆಯಿತು. ಬೋರಿ ಹರಿಯುವ ಪುಟ ತೆಗೆದು ಮಗನಿಗೆ ಫೋನಿನಲ್ಲಿ ಓದಿ ಹೇಳುತ್ತಾ ಮೆಟ್ಟಿಲಿಳಿದು ಹೋದಳು.

ನಾನು ಸಿಡಿಯ ಮೇಲೆ ‘ದಾಟಿದೆ’ ಎಂದು ಬರೆದು ಬೇರೆ ಡಬ್ಬದಲ್ಲಿ ಇಟ್ಟೆ. ಮೊದಲ ಡಬ್ಬದಲ್ಲಿ ಇನ್ನೂ ಇನ್ನೂರಕ್ಕೂ ಹೆಚ್ಚು ಇವೆ. ಮೇಲಿನದು 1999ರ ಒಂದು ಸ್ಮರಣ ಸಂಚಿಕೆ, ಲಾಕ್ ಬೇಕಾದದ್ದು. ಲಾಕನ್ನು ಒರೆಸಿ ಪೋರ್ಟಿಗೆ ಸಿಕ್ಕಿಸಿ, ಬಾಣದ ಕೀಲಿಯಿಂದ ಎರಡನೆಯ ಸಾಲಿಗೆ ಇಳಿದೆ.